ಮೂರು ಮಿಲಿಮೀಟರ್ ಸಂದಿನ ನಿವಾಸಿ: ಚಪ್ಪಟೆ ಜೇಡ ಮತ್ತು ಅದರ ನೆಲೆ

ಎಲ್ಲರಿಗೂ ನಮಸ್ಕಾರ. ಜೇಡ ಅಂದ ಕೂಡಲೇ ಬಲೆ ನೆನಪಾಗುತ್ತದೆ. ಇವತ್ತು ಮಾತಾಡಲಿರುವ ಜೇಡ ಬೇಟೆಗೆಂದು ಬಲೆ ಕಟ್ಟುವುದೇ ಇಲ್ಲ. ಹಗಲೆಲ್ಲ ಗೋಡೆಗೆ ತೂಗುಹಾಕಿದ ಪಟದ ಹಿಂದೆ, ಮೀಟರ್ ಬಾಕ್ಸಿನ ಹಿಂದೆ, ಮರದ ಚಕ್ಕೆಯ ಅಡಿಯಲ್ಲಿ ಅಡಗಿರುತ್ತದೆ. ಕತ್ತಲಾದ ಮೇಲೆ ಹೊರಬಂದು, ಎಂಟೂ ಕಾಲು ಹರಡಿ, ಗೋಡೆಗೆ ಅಂಟಿಕೊಂಡು ಕೂರುತ್ತದೆ. ನೋಡಿದವರು ಮೊದಲು ಕಲೆ ಅಂದುಕೊಳ್ಳುತ್ತಾರೆ. ಒರೆಸಲು ಬಟ್ಟೆ ತರುವಷ್ಟರಲ್ಲಿ ಕಲೆ ಅಲ್ಲಿರುವುದಿಲ್ಲ.

ಇದರ ಹೆಸರು ಸೆಲೆನಾಪ್ಸ್ ರೇಡಿಯೇಟಸ್. ಗ್ರೀಕ್ ಭಾಷೆಯಲ್ಲಿ ಸೆಲೆನೆ ಅಂದರೆ ಚಂದ್ರ, ಆಪ್ಸ್ ಅಂದರೆ ಕಣ್ಣು ಅಥವಾ ಮೊಗ. 1819ರಲ್ಲಿ ಇದಕ್ಕೆ ಹೆಸರಿಟ್ಟವರು ಫ್ರಾನ್ಸಿನ ಪಿಯರ್ ಆಂದ್ರೆ ಲಾತ್ರೇಯ್. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಸೆರೆಮನೆ ಸೇರಿದ್ದ ಈ ಪಾದ್ರಿ, ಅಲ್ಲಿ ಸಿಕ್ಕ ಒಂದು ಅಪರೂಪದ ಜೀರುಂಡೆಯನ್ನು ಗುರುತಿಸಿದ್ದರಿಂದ ಬಿಡುಗಡೆಯಾಗಿ ಬದುಕಿಕೊಂಡ ಮನುಷ್ಯ. ಹುಳದ ಋಣ ಅಂದರೆ ಅದು! ಅವರು ಹೆಸರಿಟ್ಟ ಈ ಜೇಡ ಮೆಡಿಟರೇನಿಯನ್ ತೀರ, ಆಫ್ರಿಕ, ಪಶ್ಚಿಮ ಏಷ್ಯ ದಾಟಿ ಭಾರತ, ಮ್ಯಾನ್ಮಾರ್, ಚೀನಾದವರೆಗೂ ಹರಡಿದೆ. ನಮ್ಮಲ್ಲಿ ಇದಕ್ಕೆಂದೇ ಬೇರೆ ಹೆಸರು ಬಳಕೆಯಲ್ಲಿಲ್ಲ. ಕಂಡವರು ಗೋಡೆ ಜೇಡ, ಚಪ್ಪಟೆ ಜೇಡ ಎನ್ನುತ್ತಾರೆ. ಈ ಮಾತಿನಲ್ಲೂ ಚಪ್ಪಟೆ ಜೇಡ ಅಂತಲೇ ಕರೆಯುತ್ತೇವೆ.

ಇದೇ ಕುಟುಂಬದ ಇನ್ನೊಂದು ಜೇಡಕ್ಕೆ ನಮ್ಮ ಊರಿನದೇ ಹೆಸರಿದೆ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಬಿ.ಕೆ. ಟಿಕಾದಾರ್ ಅವರು 1969ರಲ್ಲಿ ಆಗುಂಬೆಯ ಹೆಸರಿನಲ್ಲಿ ಸೆಲೆನಾಪ್ಸ್ ಆಗುಂಬೆನ್ಸಿಸ್ ಎಂಬ ಜಾತಿಯನ್ನು ವಿವರಿಸಿದರು. 2011ರಲ್ಲಿ ಸಾರಾ ಕ್ರ್ಯೂಸ್ ಮತ್ತು ಮಾರ್ಕ್ ಹಾರ್ವಿ ಈ ಕುಟುಂಬವನ್ನು ಹೊಸದಾಗಿ ಪರಿಷ್ಕರಿಸಿದಾಗ, ಇದು ಸೆಲೆನಾಪ್ಸ್ ಗುಂಪಿನದಲ್ಲ ಎಂದು ಕಂಡು ಮಕಡಿಯಾಪ್ಸ್ ಎಂಬ ಹೊಸ ಕುಲ ಮಾಡಿ ಅಲ್ಲಿಗೆ ಸೇರಿಸಿದರು. ಮಕಡಿ ಅಂದರೆ ಹಿಂದಿಯಲ್ಲಿ ಜೇಡ. ಅದೇ ಕುಲದಲ್ಲಿ ಅವರು ಹೆಸರಿಟ್ಟ ಇನ್ನೆರಡು ಜಾತಿಗಳು ಮಹಿಷಾಸುರ ಮತ್ತು ಶಿವ. ಹೀಗಾಗಿ ಇಲ್ಲಿ ಚಪ್ಪಟೆ ಜೇಡ ಎಂದರೆ ಒಂದೇ ಜಾತಿ ಎಂದುಕೊಳ್ಳಬಾರದು. ಊರಿನ ಗೋಡೆಯ ಮೇಲೆ ಕಾಣುವುದು ಹೆಚ್ಚಾಗಿ ರೇಡಿಯೇಟಸ್. ಮಲೆನಾಡಿನ ಕಾಡುಮರದ ಮೇಲೆ ಕಂಡರೆ ಇನ್ನೊಮ್ಮೆ ಯೋಚಿಸಬೇಕು.

ಪ್ರಾಣಿಗಳ ನೆಲೆಯನ್ನು ನಾವು ದೊಡ್ಡ ಅಳತೆಯಲ್ಲಿ ಹೇಳುತ್ತೇವೆ. ಹುಲಿಗೆ ಇಷ್ಟು ಚದರ ಕಿಲೋಮೀಟರ್ ಕಾಡು, ಆನೆಗೆ ಇಷ್ಟು ಅಗಲದ ದಾರಿ. ಚಪ್ಪಟೆ ಜೇಡದ ನೆಲೆಯನ್ನು ಮಿಲಿಮೀಟರಿನಲ್ಲಿ ಹೇಳಬೇಕು. ಮೂರು ಮಿಲಿಮೀಟರ್ ಆಸುಪಾಸಿನ ಸಂದು ಎಲ್ಲಿದೆಯೋ ಅದೇ ಅದರ ಮನೆ. ಆ ಸಂದು ಹುಣಸೆ ಮರದಲ್ಲಿರಲಿ, ಹಂಪಿಯ ಬಂಡೆಯಲ್ಲಿರಲಿ, ಅಡುಗೆಮನೆಯ ಕ್ಯಾಲೆಂಡರಿನ ಹಿಂದಿರಲಿ, ಅದಕ್ಕೆ ಎಲ್ಲವೂ ಒಂದೇ. ಮರ ಹಾಗೆಯೇ ನಿಂತಿದ್ದು ಸಂದು ಮುಚ್ಚಿಹೋದರೆ, ಜೇಡದ ಲೆಕ್ಕದಲ್ಲಿ ಕಾಡು ಕಡಿದಂತೆಯೇ.

ಮೊದಲು ಮೈಕಟ್ಟು ನೋಡೋಣ. ಹೆಣ್ಣಿನ ದೇಹ ಸುಮಾರು 10ರಿಂದ 13 ಮಿ.ಮೀ. ಉದ್ದ, ಗಂಡು ಸ್ವಲ್ಪ ಚಿಕ್ಕದು. ಕಾಲು ಹರಡಿದರೆ ನಾಲ್ಕೈದು ಸೆಂ.ಮೀ. ಅಗಲ ಕಾಣುತ್ತದೆ. ಬೂದು ಕಂದು ಮೈ ಮೇಲೆ ಕಪ್ಪು ಚುಕ್ಕೆ, ಕಾಲಿನ ಮೇಲೆ ಪಟ್ಟೆ. ತಲೆಯೆದೆಯ ಭಾಗವನ್ನು ಮೇಲಿಂದ ನೋಡಿದರೆ ಅಗಲವಾದ ಬಿಲ್ಲೆ, ಪಕ್ಕದಿಂದ ನೋಡಿದರೆ ಹಪ್ಪಳ. ಈ ಭಾಗದ ಚಿಪ್ಪು ಗಟ್ಟಿ, ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಹೊಟ್ಟೆ ಹಾಗಲ್ಲ. ಹೊಟ್ಟೆ ತುಂಬ ತಿಂದ ಜೇಡ, ಮೊಟ್ಟೆ ತುಂಬಿದ ಹೆಣ್ಣು, ಇವುಗಳ ಹೊಟ್ಟೆ ಉಬ್ಬುತ್ತದೆ. ಹಸಿದ ಜೇಡ ನುಸುಳಿದ ಸಂದಿಗೆ ಅದೇ ಜೇಡ ಉಂಡ ಮೇಲೆ ನುಸುಳಲಾರದು. ಆದ್ದರಿಂದ ಒಂದು ಮರದಲ್ಲಿ ಒಂದೇ ಅಳತೆಯ ಸಂದು ಇದ್ದರೆ ಸಾಲದು. ಮರಿಗೆ ಬೇರೆ, ಬೆಳೆದ ಗಂಡಿಗೆ ಬೇರೆ, ಬಸಿರಿ ಹೆಣ್ಣಿಗೆ ಬೇರೆ ಸಂದು ಬೇಕು. ಹಳೆಯ ಮರದಲ್ಲಿ ಈ ವೈವಿಧ್ಯ ತಾನಾಗಿಯೇ ಇರುತ್ತದೆ. ಎಳೆಯ ಮರದಲ್ಲಿ ಇರುವುದಿಲ್ಲ.

ಸಾಮಾನ್ಯ ಜೇಡದ ಕಾಲು ಮೇಲಕ್ಕೆ ಏರಿ ಮಂಡಿಯಲ್ಲಿ ಬಾಗಿ ಕೆಳಗಿಳಿಯುತ್ತದೆ. ಚಪ್ಪಟೆ ಜೇಡದ ಕಾಲು ಬುಡದಲ್ಲೇ ತಿರುಚಿಕೊಂಡಿದೆ. ಹಾಗಾಗಿ ಮಂಡಿ ಮೇಲಕ್ಕೆ ಬಾಗದೆ ಪಕ್ಕಕ್ಕೆ, ಏಡಿಯ ಹಾಗೆ ಬಾಗುತ್ತದೆ. ನಡೆಯುವಾಗಲೂ ಮೈ ಗೋಡೆಯಿಂದ ಏಳುವುದಿಲ್ಲ. ಪಾದದ ತುದಿಯಲ್ಲಿ ಎರಡು ಉಗುರು, ಅವುಗಳ ಕೆಳಗೆ ಕೂದಲಿನ ಕುಚ್ಚು. ಪ್ರತಿ ಕೂದಲೂ ಸೀಳಿ ಸೀಳಿ ಇನ್ನೂ ಸಣ್ಣ ಎಳೆಗಳಾಗಿರುತ್ತದೆ. ಆ ಎಳೆಗಳು ಮೇಲ್ಮೈಗೆ ಎಷ್ಟು ಹತ್ತಿರ ತಾಗುತ್ತವೆ ಎಂದರೆ ಅಣುಗಳ ನಡುವಿನ ಸೆಳೆತವೇ ಜೇಡವನ್ನು ಹಿಡಿದಿಡುತ್ತದೆ. ಅಂಟು ದ್ರವ ಏನೂ ಬೇಡ. ಒರಟು ತೊಗಟೆಯಲ್ಲಿ ಉಗುರು ಕೆಲಸ ಮಾಡುತ್ತದೆ, ನುಣುಪು ಪೇಂಟಿನ ಮೇಲೆ ಕುಚ್ಚು. ಬಲೆ ಕಟ್ಟಿ ಬದುಕುವ ಜೇಡವನ್ನು ಸ್ನಾನದ ತೊಟ್ಟಿಗೆ ಬಿಟ್ಟರೆ ಹತ್ತಲಾರದೆ ಒದ್ದಾಡುತ್ತದೆ. ಇದು ಸಲೀಸಾಗಿ ಹತ್ತಿ ಹೋಗುತ್ತದೆ.

ಗುರುತಿಸುವಾಗ ತಪ್ಪಾಗುವುದು ಇಲ್ಲಿಯೇ, ಸ್ವಲ್ಪ ನಿಂತು ನೋಡೋಣ. ಮನೆಯಲ್ಲಿ ಕಾಣುವ ದೊಡ್ಡ ಬೇಟೆಗಾರ ಜೇಡ, ಹೆಟೆರೋಪೋಡಾ ವೆನಟೋರಿಯಾ, ಕೂಡ ಚಪ್ಪಟೆಯೇ, ಅದರ ಕಾಲೂ ಏಡಿಯಂತೆಯೇ. ಆದರೆ ಅದು ಬಹಳ ದೊಡ್ಡದು. ಬೆಳೆದ ಹೆಣ್ಣಿನ ದೇಹವೇ 2 ಸೆಂ.ಮೀ. ದಾಟುತ್ತದೆ, ಕಾಲು ಸೇರಿದರೆ ಅಂಗೈ ತುಂಬುತ್ತದೆ. ಮುಖದ ಅಡಿಯಲ್ಲಿ ಕೆನೆಬಣ್ಣದ ಪಟ್ಟಿ ಇರುತ್ತದೆ. ಮಾವು, ತೆಂಗಿನ ಕಾಂಡದ ಮೇಲೆ ಕಾಣುವ ಹರ್ಸೀಲಿಯಾ ಜೇಡಕ್ಕೆ ಹಿಂದೆ ಎರಡು ಬಾಲದಂತೆ ಉದ್ದವಾದ ನೂಲುಕಗಳು, ಅಂದರೆ ನೂಲು ಬಿಡುವ ಅಂಗಗಳು, ಇರುತ್ತವೆ. ಬಾಲ ಕಂಡರೆ ಅಲ್ಲಿಗೆ ಮುಗಿಯಿತು, ಅದು ಚಪ್ಪಟೆ ಜೇಡ ಅಲ್ಲ. ಗೋಡೆಯ ಮೂಲೆಯಲ್ಲಿ ಉಗುರಿನಗಲದ ಬಿಳಿ ಗುಡಾರ ಕಟ್ಟಿ ಅದರೊಳಗೆ ಕೂರುವ ಪುಟ್ಟ ಜೇಡ ಓಯ್ಕೋಬಿಯಸ್. ಅದರ ಮೈ ಎರಡು ಮೂರು ಮಿ.ಮೀ. ಅಷ್ಟೆ. ಇದನ್ನು ಚಪ್ಪಟೆ ಜೇಡದ ಮರಿ ಎಂದು ತಿಳಿಯುವವರಿದ್ದಾರೆ.

ಗಾತ್ರ, ಬಣ್ಣ ಎರಡೂ ಮೋಸ ಮಾಡಬಹುದು. ಮೋಸ ಮಾಡದ ಗುರುತು ಕಣ್ಣು. ಬೇಟೆಗಾರ ಜೇಡದ ಎಂಟು ಕಣ್ಣು ನಾಲ್ಕು ನಾಲ್ಕರ ಎರಡು ಸಾಲಿನಲ್ಲಿರುತ್ತವೆ. ಚಪ್ಪಟೆ ಜೇಡದಲ್ಲಿ ಮುಂದಿನ ಅಂಚಿನಲ್ಲೇ ಆರು ಕಣ್ಣು ಒಂದು ಸಾಲಾಗಿ ಕೂತಿವೆ, ಉಳಿದ ಎರಡು ದೊಡ್ಡ ಕಣ್ಣು ಹಿಂದೆ ಪಕ್ಕಕ್ಕೆ. ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರ ಇದ್ದರೆ ಸಾಕು. ಬದುಕಿರುವ ಜೇಡ ಅಷ್ಟು ಹತ್ತಿರ ನಿಲ್ಲದಿದ್ದರೆ ಚಿಂತೆಯಿಲ್ಲ. ತೊಗಟೆಯ ಅಡಿಯಲ್ಲಿ, ಪಟದ ಹಿಂದೆ ಅದು ಕಳಚಿದ ಪೊರೆ ಸಿಗುತ್ತದೆ. ಪೊರೆಯ ತಲೆಭಾಗವನ್ನು ಬೆಳಕಿಗೆ ಹಿಡಿದರೆ ಕಣ್ಣಿನ ಎಂಟು ಮಸೂರಗಳೂ ಮಿನುಗುತ್ತವೆ. ಆರು ಎರಡು ಎಂದು ಎಣಿಸಿದರೆ ಕುಟುಂಬ ಗೊತ್ತಾಯಿತು. ಜಾತಿ ಹೇಳಬೇಕಾದರೆ ಮಾತ್ರ ಬೆಳೆದ ಹೆಣ್ಣಿನ ಜನನಾಂಗದ ಫಲಕ ಅಥವಾ ಗಂಡಿನ ಬಾಯಿಯ ಪಕ್ಕದಲ್ಲಿರುವ ಮುಂಗೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಫೋನಿನ ಫೋಟೋ ನೋಡಿ ಜಾತಿಯ ಹೆಸರು ಹೇಳುವವರನ್ನು ನಂಬಬೇಡಿ. ಮರಿಯ ಫೋಟೋ ನೋಡಿ ಹೇಳಿದರಂತೂ ಖಂಡಿತ ಬೇಡ.

ಇನ್ನು ಬೇಟೆ. 2018ರಲ್ಲಿ ಯು ಜೆಂಗ್ ಮತ್ತು ಸಾರಾ ಕ್ರ್ಯೂಸ್ ಅತಿವೇಗದ ಕ್ಯಾಮೆರಾ ಇಟ್ಟು ಈ ಕುಟುಂಬದ ಜೇಡಗಳು ಹುಳ ಹಿಡಿಯುವ ಬಗೆಯನ್ನು ಅಳೆದರು. ಕಾಲುಗಳು ಸುತ್ತಲೂ ಹರಡಿರುವುದರಿಂದ ಹುಳ ಯಾವ ದಿಕ್ಕಿನಿಂದ ಬಂದರೂ ಒಂದು ಕಾಲು ಅದಕ್ಕೆ ಹತ್ತಿರ ಇದ್ದೇ ಇರುತ್ತದೆ. ಹತ್ತಿರದ ಆ ಕಾಲನ್ನು ಜೇಡ ನೆಲಕ್ಕೆ ಊರುತ್ತದೆ, ಗೂಟ ಹೊಡೆದಂತೆ. ಅದನ್ನೇ ಹಿಡಿಕೆ ಮಾಡಿಕೊಂಡು ಮೈಯನ್ನು ಹುಳದ ಕಡೆಗೆ ಎಳೆಯುತ್ತದೆ, ಉಳಿದ ಕಾಲುಗಳಿಂದ ತಳ್ಳಿ ತಿರುಗುತ್ತದೆ. ತಿರುಗುವ ವೇಗ ಸೆಕೆಂಡಿಗೆ 3000 ಡಿಗ್ರಿವರೆಗೂ ಹೋಗುತ್ತದೆ. ಮನೆಯ ಸೀಲಿಂಗ್ ಫ್ಯಾನು ಪೂರ್ತಿ ಸ್ಪೀಡಿನಲ್ಲಿ ನಿಮಿಷಕ್ಕೆ 350 ಸುತ್ತು ತಿರುಗಿದರೆ ಸೆಕೆಂಡಿಗೆ 2100 ಡಿಗ್ರಿ. ಜೇಡ ಫ್ಯಾನನ್ನೂ ಮೀರಿಸಿತು. ತಿರುಗುವಾಗ ಕಾಲುಗಳನ್ನು ಒಳಕ್ಕೆ ಎಳೆದುಕೊಂಡರೆ ವೇಗ ಶೇ. 40ರವರೆಗೆ ಏರುತ್ತದೆ. ಬುಗುರಿಯಂತೆ ತಿರುಗುತ್ತಿರುವ ಭರತನಾಟ್ಯದ ಹುಡುಗಿ ಚಾಚಿದ ಕೈಯನ್ನು ಮೈಗೆ ಸೇರಿಸಿಕೊಂಡಾಗ ಆಗುವುದೂ ಅದೇ.

ಇಲ್ಲಿ ಚಪ್ಪಟೆತನದ ಲಾಭ ಎದ್ದು ಕಾಣುತ್ತದೆ. ಮೈ ಎತ್ತರವಾಗಿದ್ದರೆ ಇಷ್ಟು ವೇಗದಲ್ಲಿ ತಿರುಗುವಾಗ ಕಡಿದಾದ ಕಾಂಡದಿಂದ ಕಿತ್ತುಬರಬೇಕಿತ್ತು. ತೂಕವೆಲ್ಲ ಗೋಡೆಗೆ ಅಂಟಿದಷ್ಟು ಹತ್ತಿರ ಇರುವುದರಿಂದ ಹಿಡಿತ ತಪ್ಪುವುದಿಲ್ಲ. ಹುಳ ಬಂದದ್ದನ್ನು ಅದು ಕಣ್ಣಿಗಿಂತ ಹೆಚ್ಚಾಗಿ ಕಾಲಿನ ಮೇಲಿನ ಸೂಕ್ಷ್ಮ ಕೂದಲಿನಿಂದ ಅರಿಯುತ್ತದೆ. ರೆಕ್ಕೆ ಬಡಿದಾಗ ಅಲುಗುವ ಗಾಳಿಯೇ ಆ ಕೂದಲಿಗೆ ಸುದ್ದಿ. ಫ್ಯಾನ್ ಜೋರಾಗಿ ತಿರುಗುತ್ತಿರುವ ಕೋಣೆಯ ಗೋಡೆ ಅದಕ್ಕೆ ಒಳ್ಳೆಯ ಬೇಟೆಯ ಜಾಗ ಅಲ್ಲ ಎಂದು ಇದರಿಂದಲೇ ಊಹಿಸಬಹುದು. ಜಿರಳೆ ಮರಿ, ಪತಂಗ, ನೊಣ, ಚಿಮ್ಮಂಡೆ, ಕಾಗದ ತಿನ್ನುವ ಬೆಳ್ಳಿಹುಳ ಇವೆಲ್ಲ ಅದರ ಊಟ.

ಮರದ ಮೇಲಿಂದ ಬಿದ್ದರೆ? 2015ರಲ್ಲಿ ಸ್ಟೀವ್ ಯಾನೋವಿಯಾಕ್, ಯೋನಾಥನ್ ಮಂಕ್, ರಾಬರ್ಟ್ ಡಡ್ಲಿ ಪನಾಮ ಮತ್ತು ಪೆರುವಿನ ಮಳೆಕಾಡಿನಲ್ಲಿ ಸೆಲೆನಾಪ್ಸ್ ಜೇಡಗಳನ್ನು ಎತ್ತರದ ಕೊಂಬೆಯಿಂದ ಬೀಳಿಸಿ ನೋಡಿದರು. 59 ಜೇಡಗಳಲ್ಲಿ ಶೇ. 93ರಷ್ಟು ಗಾಳಿಯಲ್ಲೇ ಮೈ ಸರಿಮಾಡಿಕೊಂಡು, ಕಾಲು ಹರಡಿ, ಮುಂಗಾಲಿನಿಂದ ದಿಕ್ಕು ತಿರುಗಿಸಿಕೊಂಡು ಅದೇ ಮರದ ಕಾಂಡದ ಕಡೆಗೆ ತೇಲಿದವು. ನೂಲು ಬಿಡಲಿಲ್ಲ, ರೆಕ್ಕೆಯಂತೂ ಇಲ್ಲ. ಹಪ್ಪಳದಂಥ ಮೈಯೇ ರೆಕ್ಕೆಯಾಯಿತು. ನೆಲಕ್ಕೆ ಬಿದ್ದರೆ ಇರುವೆಯ ಪಾಲು, ಹಾಗಾಗಿ ಕಾಂಡ ಸೇರುವುದು ಪ್ರಾಣದ ಪ್ರಶ್ನೆ. ಇದು ಅಮೆರಿಕ ಖಂಡದ ಜಾತಿಗಳ ಮೇಲೆ ನಡೆದ ಪ್ರಯೋಗ ಎಂಬುದನ್ನು ಮಾತ್ರ ನೆನಪಿಡಿ.

ಇಷ್ಟೆಲ್ಲ ಲಾಭ ಕೊಡುವ ಚಪ್ಪಟೆ ಮೈಗೆ ಒಂದು ದಂಡವೂ ಇದೆ. ಅಷ್ಟೇ ಹಿಟ್ಟನ್ನು ಉಂಡೆ ಕಟ್ಟಿಟ್ಟರೆ ಒಳಗೆ ಹಸಿ ಉಳಿಯುತ್ತದೆ, ಹಪ್ಪಳ ಲಟ್ಟಿಸಿ ಬಿಸಿಲಿಗೆ ಇಟ್ಟರೆ ಮಧ್ಯಾಹ್ನಕ್ಕೆ ಗರಿಗರಿ. ಗಾತ್ರಕ್ಕೆ ಹೋಲಿಸಿದರೆ ಮೈಯ ಹೊರಭಾಗ ಹೆಚ್ಚಿದ್ದಷ್ಟೂ ನೀರು ಬೇಗ ಆರುತ್ತದೆ. ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲಿನಲ್ಲಿ ಬಂಡೆಯ ಮೇಲೆ ಹಗಲು ಕೂತರೆ ಈ ಜೇಡ ಉಳಿಯುವುದಿಲ್ಲ. ಬಂಡೆಯ ಚಕ್ಕೆಯ ಅಡಿಯಲ್ಲಿ ತಂಪು, ಗಾಳಿಯಾಡುವುದಿಲ್ಲ, ರಾತ್ರಿಯ ತೇವ ಸ್ವಲ್ಪ ಉಳಿದಿರುತ್ತದೆ. ನಿಶಾಚರಿಯಾಗಿರುವುದು, ಸಂದಿನಲ್ಲಿರುವುದು, ಚಪ್ಪಟೆಯಾಗಿರುವುದು ಈ ಮೂರನ್ನೂ ಬಿಡಿಬಿಡಿಯಾಗಿ ನೋಡಬೇಡಿ. ಒಂದನ್ನು ತೆಗೆದರೆ ಉಳಿದೆರಡು ನಿಲ್ಲುವುದಿಲ್ಲ.

ಬೇರೆ ಬೇರೆ ಕುಟುಂಬದ ಜೇಡಗಳು ಇದೇ ಹಾದಿ ಹಿಡಿದಿವೆ. ಆಸ್ಟ್ರೇಲಿಯಾದ ಡೆಲೆನಾ ಕ್ಯಾನ್ಸರಿಡೆಸ್ ಬೇಟೆಗಾರ ಜೇಡದ ಬಳಗದ್ದು. ಅಕೇಶಿಯ ಮರದ ಸಡಿಲ ತೊಗಟೆಯ ಅಡಿಯಲ್ಲಿ ನೂರಾರು ಜೇಡಗಳು ಒಂದೇ ಕಡೆ ಇರುತ್ತವೆ. ಜೇಡಗಳಲ್ಲಿ ಇಂಥ ಕೂಡುಕುಟುಂಬ ಅಪರೂಪ. ತೊಗಟೆಯ ಅಡಿ ಜಾಗ ಎಷ್ಟು ಬೆಲೆಯದು ಎಂದು ಇದರಿಂದ ತಿಳಿಯುತ್ತದೆ.

ನಮ್ಮಲ್ಲಿ ಈ ಜಾಗ ಎಲ್ಲಿ ಸಿಗುತ್ತದೆ? ಮರಗಳಲ್ಲಿ ನೋಡುವುದಾದರೆ ತೊಗಟೆ ಬಿಡುವ ರೀತಿ ಮುಖ್ಯ, ಮರದ ಎತ್ತರ ಅಲ್ಲ. ಮತ್ತಿ ಮರದ ತೊಗಟೆ ಮೊಸಳೆ ಚರ್ಮದಂತೆ ಚೌಕ ಚೌಕವಾಗಿ ಸೀಳುತ್ತದೆ. ಸೀಳು ಆಳ, ಆದರೆ ಮೇಲಕ್ಕೆ ತೆರೆದಿರುತ್ತದೆ. ಹಗಲು ಅಡಗಲು ಚೌಕಗಳ ಅಂಚು ಎದ್ದು ನಿಂತ ಕಡೆ ಮಾತ್ರ ಅನುಕೂಲ. ನಂದಿ ಮರದ ತೊಗಟೆ ಕಾಗದದಂತೆ ಹಾಳೆ ಹಾಳೆಯಾಗಿ ಬಿಡುತ್ತದೆ. ಹಾಳೆ ಕಾಂಡಕ್ಕೆ ಒಂದು ಕಡೆ ಅಂಟಿ ಇನ್ನೊಂದು ಕಡೆ ಬಿಟ್ಟಿರುವಾಗ ಹಿಂದೆ ಸಿಗುವ ಸಂದು ಬಹಳ ಚೆನ್ನಾಗಿರುತ್ತದೆ, ಆದರೆ ಗಾಳಿ ಮಳೆಗೆ ಉದುರುತ್ತದೆ. ನೀಲಗಿರಿಯದೂ ಇದೇ ಕಥೆ. ಹುಣಸೆ, ಮಾವು, ಬೇವು, ಜಾಲಿ ಮರಗಳ ಹಳೆಯ ಕಾಂಡ ಎಲ್ಲಕ್ಕಿಂತ ಭದ್ರ. ಅಲ್ಲಿ ಚಕ್ಕೆ ವರ್ಷಗಟ್ಟಲೆ ಉಳಿಯುತ್ತದೆ. ಒಣಗಿ ನಿಂತ ಮರ ಇನ್ನೂ ಮೇಲು. ಸತ್ತ ಮೇಲೆ ತೊಗಟೆ ತಿರುಳಿನಿಂದ ಪೂರ್ತಿ ಬೇರ್ಪಟ್ಟು ಮೊಣಕೈ ಉದ್ದದ ಸಂದುಗಳಾಗುತ್ತವೆ. ತೋಟದಲ್ಲಿ ಒಣಮರ ಕಂಡರೆ ಕೊಡಲಿ ತರುವವರು ಅದರಲ್ಲಿ ಮನೆ ಮಾಡಿದವರ ಪಟ್ಟಿ ಒಮ್ಮೆ ನೋಡಬೇಕು.

ಬಂಡೆಯ ವಿಷಯದಲ್ಲಿ ನಮ್ಮ ರಾಜ್ಯ ಶ್ರೀಮಂತ. ರಾಮನಗರದಿಂದ ಮಧುಗಿರಿ, ಚಿತ್ರದುರ್ಗ, ಹಂಪಿಯವರೆಗೆ ಗ್ರಾನೈಟಿನ ಗುಡ್ಡಗಳಿವೆ. ಹಗಲು ಕಾದು ರಾತ್ರಿ ತಣಿದು, ಮೇಲಿನ ಭಾರ ಸವೆದು ಒತ್ತಡ ಇಳಿದು, ಗ್ರಾನೈಟು ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಹೊರಗಿನ ಪದರ ಒಡೆದು ಚಪ್ಪಡಿಯಾಗಿ ತಾಯಿಬಂಡೆಯ ಮೇಲೆಯೇ ಕೂತಿರುತ್ತದೆ. ಎರಡರ ನಡುವಿನ ಸಂದು ಅಂಚಿನಲ್ಲಿ ಬೆರಳು ಹಿಡಿಯುವಷ್ಟು, ಒಳಗೆ ಹೋದಂತೆ ಕಾಗದ ಹಿಡಿಯುವಷ್ಟು. ಮಣ್ಣಿನ ಮೇಲೆ ಬಿದ್ದ ಕಲ್ಲಿನ ಅಡಿಯಲ್ಲಿ ಚೇಳು, ಜರಿ, ಗೆದ್ದಲು ಸಿಗುತ್ತವೆ. ಬಂಡೆಯ ಮೇಲೆ ಬಂಡೆ ಕೂತಲ್ಲಿ ಮಾತ್ರ ಚಪ್ಪಟೆ ಜೇಡವನ್ನು ಹುಡುಕಬೇಕು. ಬೆಳೆದ ಹಲ್ಲಿಯ ತಲೆ ಜೇಡಕ್ಕಿಂತ ಎಷ್ಟೋ ದಪ್ಪ, ಸಂದಿನ ಕಿರಿದಾದ ಭಾಗಕ್ಕೆ ಅದು ಬರಲಾರದು. ಹಾಗಾಗಿ ಜೇಡ ಅಂಚಿನಲ್ಲಿ ಸಿಗುವುದಿಲ್ಲ, ಒಳಗೇ ಇರುತ್ತದೆ.

ಮನೆ ಅದಕ್ಕೆ ಬಂಡೆಯ ಬದಲಿ. ಹೆಂಚಿನ ಮನೆಯಲ್ಲಿ ಹೆಂಚು ರೀಪಿನ ಮೇಲೆ ಕೂತ ಜಾಗ, ಬಾಗಿಲುವಾಡಕ್ಕೂ ಗೋಡೆಗೂ ನಡುವೆ ಬಿಟ್ಟ ಬಿರುಕು, ಪಟ, ಗೋಡೆ ಗಡಿಯಾರ, ಸ್ವಿಚ್ ಬೋರ್ಡಿನ ಹಲಗೆ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಎಲ್ಲ ಸಂದಿಗೂ ಪುಟ್ಟಿ ಮೆತ್ತಿ ಪೇಂಟ್ ಹೊಡೆದಿರುವುದರಿಂದ ಇದು ಕಡಿಮೆ. ಅದೇ ಕಟ್ಟಡದ ಕಾಂಪೌಂಡಿನ ಮರದಲ್ಲಿ ಇರಬಹುದು.

ಹೆಣ್ಣು ಮೊಟ್ಟೆಯಿಟ್ಟು ಮೇಲೆ ಬಿಳಿ ಕಾಗದದಂಥ ದುಂಡು ಬಿಲ್ಲೆ ನೇಯ್ದು ಗೋಡೆಗೆ ಅಂಟಿಸುತ್ತದೆ. ಚೀಲವೂ ಚಪ್ಪಟೆ! ಮರಿ ಹೊರಬರುವವರೆಗೆ ತಾಯಿ ಹತ್ತಿರವೇ ಕಾವಲು. ಬೇಟೆಗಾರ ಜೇಡ ಹಾಗಲ್ಲ, ಮೊಟ್ಟೆಚೀಲವನ್ನು ಎದೆಯಡಿ ಹಿಡಿದುಕೊಂಡು ಓಡಾಡುತ್ತದೆ. ಪಟ ತೆಗೆದಾಗ ಗೋಡೆಯಲ್ಲಿ ಬಿಳಿ ಬಿಲ್ಲೆ ಕಂಡು, ಪಕ್ಕದಲ್ಲಿ ಜೇಡ ಕೂತಿದ್ದರೆ ಪಟವನ್ನು ಮೆಲ್ಲಗೆ ಅದೇ ಮೊಳೆಗೆ ತೂಗಿಬಿಡಿ. ಕೆಲವು ವಾರದಲ್ಲಿ ಬಿಲ್ಲೆ ಖಾಲಿಯಾಗುತ್ತದೆ.

ನೋಡುವ ಬಗೆ ಹೇಳುತ್ತೇವೆ. ಕತ್ತಲಾಗಿ ಒಂದೆರಡು ಗಂಟೆ ಕಳೆದ ಮೇಲೆ ಹೋಗಿ. ಟಾರ್ಚನ್ನು ಕಾಂಡಕ್ಕೆ ನೇರವಾಗಿ ಹಿಡಿದರೆ ಈ ಜೇಡ ಕಾಣುವುದೇ ಇಲ್ಲ, ಏಕೆಂದರೆ ಅದರ ನೆರಳು ಬೀಳುವುದಿಲ್ಲ. ಟಾರ್ಚನ್ನು ಕಾಂಡಕ್ಕೆ ತಾಗಿಸಿದಂತೆ ಪಕ್ಕಕ್ಕೆ ಇಟ್ಟು ಬೆಳಕು ತೊಗಟೆಯನ್ನು ಸವರಿಕೊಂಡು ಹೋಗುವಂತೆ ಮಾಡಿ. ಕಾಲಿನ ಕೂದಲು, ಮೈಯ ಅಂಚು ಆಗ ಎದ್ದು ಕಾಣುತ್ತವೆ. ಒಂದು ಮರಕ್ಕೆ ಐದು ನಿಮಿಷವಾದರೂ ಕೊಡಿ, ನಾಲ್ಕೂ ದಿಕ್ಕು ನೋಡಿ. ಉಸಿರು ತಾಗಿದರೂ ಅದು ಸರಿಯುತ್ತದೆ, ಒಂದಡಿ ದೂರವಿರಿ. ಫೋಟೋ ತೆಗೆಯುವಾಗ ಮೊದಲನೆಯದು ಮೇಲಿಂದ, ಮಸೂರ ತೊಗಟೆಗೆ ಸಮಾಂತರ. ಚಪ್ಪಟೆ ಮೈ ಇರುವುದರಿಂದ ಎಂಟೂ ಕಾಲು ಒಂದೇ ಫೋಕಸಿನಲ್ಲಿ ಸಿಗುತ್ತವೆ. ಎರಡನೆಯದು ಮುಂದಿನಿಂದ ಸ್ವಲ್ಪ ಓರೆಯಾಗಿ, ಕಣ್ಣಿಗಾಗಿ. ಮೂರನೆಯದು ದೂರದಿಂದ, ಎಂಥ ತೊಗಟೆ, ನೆಲದಿಂದ ಎಷ್ಟೆತ್ತರ ಎಂದು ತಿಳಿಯಲು. ಜನ ಮರೆಯುವುದು ಈ ಮೂರನೆಯದನ್ನು, ನೆಲೆಯ ಅಧ್ಯಯನಕ್ಕೆ ಬೇಕಾದದ್ದು ಅದೇ. ಫೋಟೋಗಳನ್ನು ದಿನಾಂಕ, ಮರದ ಹೆಸರಿನೊಂದಿಗೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ಹಾಕಬಹುದು.

ಶಾಲೆ ಕಾಲೇಜಿನವರು ತೊಗಟೆ ಕೀಳದೆ ಲೆಕ್ಕ ಹಿಡಿಯಲು ಒಂದು ದಾರಿಯಿದೆ. ಪೆಟ್ಟಿಗೆಯ ಸುಕ್ಕು ರಟ್ಟನ್ನು 25 ಸೆಂ.ಮೀ. ಅಗಲದ ಪಟ್ಟಿಯಾಗಿ ಕತ್ತರಿಸಿ, ಒಂದು ಕಡೆಯ ಹಾಳೆ ಕಿತ್ತು, ಸುಕ್ಕು ಒಳಮುಖವಾಗಿ, ಅದರ ಗೆರೆಗಳು ಮೇಲೆ ಕೆಳಗೆ ಬರುವಂತೆ ಎದೆಯೆತ್ತರದಲ್ಲಿ ಕಾಂಡಕ್ಕೆ ಸುತ್ತಿ. ಸೆಣಬಿನ ದಾರದಿಂದ ಮೇಲಂಚನ್ನು ಮಾತ್ರ ಬಿಗಿಯಿರಿ, ಕೆಳಗೆ ಸಡಿಲ ಇರಲಿ. ಎರಡೂ ಕಡೆ ಬಿಗಿದರೆ ಸುಕ್ಕು ಅಪ್ಪಚ್ಚಿಯಾಗಿ ಸಂದೇ ಉಳಿಯುವುದಿಲ್ಲ. ಮೊದಲ ಸಲ ಮಾಡುವವರೆಲ್ಲ ಮಾಡುವ ತಪ್ಪು ಇದು. ಮಳೆಗಾಲದಲ್ಲಿ ರಟ್ಟು ನೆನೆದು ಕೊಳೆಯುತ್ತದೆ, ಮೇಲೆ ಪ್ಲಾಸ್ಟಿಕ್ ಹಾಳೆಯ ಸೂರು ಬೇಕು. ಮೂರು ವಾರ ಬಿಟ್ಟು ಹಗಲಿನಲ್ಲಿ ಬಿಚ್ಚಿ. ಬಿಚ್ಚುವ ಮೊದಲು ಬುಡದಲ್ಲಿ ಬಿಳಿ ಪಂಚೆ ಹಾಸಿ, ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎತ್ತಿ. ಒಮ್ಮೆಲೇ ಕಿತ್ತರೆ ಜೇಡ ಮರದ ಆಚೆ ಬದಿಗೆ ಹೋಗಿ ಲೆಕ್ಕ ತಪ್ಪುತ್ತದೆ. ಇರುವೆ ಸಾಲು ಇರುವ ಮರ ಆರಿಸಬೇಡಿ, ರಟ್ಟಿನಲ್ಲಿ ಇರುವೆ ಗೂಡು ಕಟ್ಟಿದರೆ ಜೇಡ ಬರುವುದಿಲ್ಲ.

ಸಂದಿನ ಅಳತೆಯನ್ನೇ ಪರೀಕ್ಷಿಸಬೇಕಾದರೆ 15 ಸೆಂ.ಮೀ. ಚೌಕದ ಎರಡೆರಡು ಮರದ ಹಲಗೆ ತೆಗೆದುಕೊಂಡು, ನಡುವೆ ಮೂರು ಅಂಚಿಗೆ ಪಟ್ಟಿಯಿಟ್ಟು, 2, 3, 5, 8 ಮಿ.ಮೀ. ಸಂದಿನ ನಾಲ್ಕು ಜೋಡಿ ಮಾಡಿ. ತೆರೆದ ಅಂಚು ಕೆಳಮುಖವಾಗಿ ಒಂದೇ ಮರಕ್ಕೆ ಕಟ್ಟಿ. ಒಳಮೈ ನಯವಾಗಿದ್ದರೆ ಗರಗಸದ ಗೀರು ಹಾಕಿ ಒರಟು ಮಾಡಿ. ಪ್ಲೈವುಡ್ ಬೇಡ, ನೆನೆದು ಉಬ್ಬಿ 3 ಮಿ.ಮೀ. ಸಂದು 1 ಆಗುತ್ತದೆ. ಕಾಡಿನೊಳಗೆ ಇದನ್ನೆಲ್ಲ ಮಾಡಲು, ಒಂದು ಜೇಡ ಹಿಡಿಯಲೂ ಸಹ, ಅರಣ್ಯ ಇಲಾಖೆಯ ಅನುಮತಿ ಬೇಕು.

ಈ ನೆಲೆ ಕೆಡುವುದು ಸದ್ದಿಲ್ಲದೆ. ರಸ್ತೆಬದಿಯ ಹುಣಸೆಮರಕ್ಕೆ ಬಿಳಿ ಕೆಂಪು ಪಟ್ಟಿ ಬಳಿಯುವ ಮೊದಲು ಕತ್ತಿಯಲ್ಲಿ ಚಕ್ಕೆ ಹೆರೆಯುತ್ತಾರೆ. ಬಣ್ಣ ಬಳಿದಾಗ ಉಳಿದ ಸಂದೂ ಮುಚ್ಚುತ್ತದೆ. ಬಂಡೆಯ ಮೇಲೆ ಕಲ್ಲು ಒಟ್ಟಿ ಗೋಪುರ ಮಾಡುವ ಪ್ರವಾಸಿಗಳು ತೆಳು ಚಪ್ಪಡಿಗಳನ್ನೇ ಹುಡುಕಿ ಎತ್ತುತ್ತಾರೆ. ಸಿಡ್ನಿಯ ಸುತ್ತಲಿನ ಮರಳುಗಲ್ಲಿನ ಬೆಟ್ಟಗಳಲ್ಲಿ ತೋಟದ ಅಲಂಕಾರಕ್ಕೆಂದು ಇಂಥ ತೆಳು ಕಲ್ಲುಗಳನ್ನು ಒಯ್ದು, ಅವುಗಳ ಅಡಿಯಲ್ಲಿ ಬದುಕುವ ಅಗಲತಲೆಯ ಹಾವಿಗೂ ಹಲ್ಲಿಗೂ ಕುತ್ತು ಬಂತು. ಕಲ್ಲನ್ನು ಎತ್ತಿದರೆ ಅದೇ ಗುರುತಿಗೆ, ಅದೇ ಮಗ್ಗುಲಿಗೆ ಇಡಬೇಕು. ಒಂದು ಬೆರಳು ಜರುಗಿ ಕೂತರೂ ಸಂದಿನ ಅಳತೆ ಬದಲಾಗುತ್ತದೆ. ಆ ಅಳತೆ ಕೂಡಿಬರಲು ಬಿಸಿಲು ಮಳೆ ಎಷ್ಟೋ ತಲೆಮಾರು ದುಡಿದಿರುತ್ತವೆ.

ಸಭೆಯಲ್ಲಿದ್ದವರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಸೇರಿಸಿದ್ದೇವೆ.

ಕಚ್ಚುತ್ತದೆಯೇ ಎಂದು ಒಬ್ಬರು ಕೇಳಿದರು. ಹಲ್ಲು ಇದೆ, ಹುಳ ಕೊಲ್ಲುವ ವಿಷವೂ ಇದೆ. ಮನುಷ್ಯರಿಗೆ ಅಪಾಯ ತರುವ ಜೇಡ ಇದಲ್ಲ. ಕೈ ಹತ್ತಿರ ತಂದರೆ ಕಚ್ಚುವುದಕ್ಕಿಂತ ಮೊದಲು ಓಡುತ್ತದೆ.

ಜೇಡ ಹರಿದಾಡಿದರೆ ಚರ್ಮದಲ್ಲಿ ಉರಿಗುಳ್ಳೆ ಏಳುತ್ತದೆ ಎಂಬುದು ಇನ್ನೊಬ್ಬರ ಅನುಮಾನ. ಬೆಳಗ್ಗೆ ಎದ್ದಾಗ ಕತ್ತಿನಲ್ಲಿ ಗೆರೆ ಎಳೆದಂತೆ ಉರಿಯುವ ಗುಳ್ಳೆ ಕಂಡರೆ ಹೆಚ್ಚಿನ ಸಲ ಕಾರಣ ಪೆಡೆರಸ್ ಎಂಬ ಸಣ್ಣ ಕಪ್ಪು ಕೆಂಪು ಜೀರುಂಡೆ. ಮಳೆಗಾಲದಲ್ಲಿ ದೀಪಕ್ಕೆ ಬರುತ್ತದೆ. ಮೈಮೇಲೆ ಕೂತದ್ದನ್ನು ಉಜ್ಜಿದಾಗ ಅದರ ರಸ ಚರ್ಮ ಸುಡುತ್ತದೆ. ಉಜ್ಜದೆ ಊದಿಬಿಡಿ, ತಾಗಿದ ಜಾಗವನ್ನು ಸೋಪು ನೀರಿನಲ್ಲಿ ತೊಳೆಯಿರಿ. ಜೇಡದ ತಲೆಗೆ ಕಟ್ಟಬೇಡಿ.

ಮನೆಯಿಂದ ಹೊರಗೆ ಹಾಕುವುದು ಹೇಗೆ ಎಂದು ಹಿಂದಿನ ಸಾಲಿನಿಂದ ಒಬ್ಬರು ಅಮ್ಮ ಕೇಳಿದರು. ಲೋಟ ಮುಚ್ಚಿ ಹಿಡಿಯುವ ಉಪಾಯ ಇದಕ್ಕೆ ಸರಿಹೋಗುವುದಿಲ್ಲ. ಲೋಟದ ಬಾಯಿ ಕಿರಿದು, ಹರಡಿದ ಕಾಲಿನ ಮೇಲೆ ಅಂಚು ಕೂರುತ್ತದೆ. ಸಿಕ್ಕಿಬಿದ್ದ ಕಾಲನ್ನು ಜೇಡ ಬುಡದಲ್ಲೇ ಕಳಚಿ ಓಡುತ್ತದೆ. ಮರಿಯಾದರೆ ಮುಂದಿನ ಪೊರೆಗಳಲ್ಲಿ ಕಾಲು ಮತ್ತೆ ಬರುತ್ತದೆ, ಬೆಳೆದದ್ದಾದರೆ ಹೋದದ್ದು ಹೋಯಿತು. ಹನ್ನೆರಡು ಸೆಂ.ಮೀ.ಗಿಂತ ಅಗಲ ಬಾಯಿಯ ಪಾರದರ್ಶಕ ಡಬ್ಬ ತೆಗೆದುಕೊಳ್ಳಿ, ಮೆಲ್ಲಗೆ ಅಲ್ಲ, ಒಂದೇ ಸಲಕ್ಕೆ ಮುಚ್ಚಿ. ಗಾರೆ ಗೋಡೆ ಉಬ್ಬುತಗ್ಗಾಗಿದ್ದರೆ ಅಂಚಿನಡಿ ಎರಡು ಮಿ.ಮೀ. ಸಂದು ಉಳಿದೇ ಉಳಿಯುತ್ತದೆ, ಜೇಡಕ್ಕೆ ಅದು ಹೆಬ್ಬಾಗಿಲು. ಆದ್ದರಿಂದ ಸಮತಟ್ಟಾದ ಜಾಗಕ್ಕೆ ಬರುವವರೆಗೆ ಕಾಯಿರಿ. ಆಮೇಲೆ ಮದುವೆ ಕರೆಯೋಲೆಯಂಥ ದಪ್ಪ ಕಾಗದವನ್ನು ಕೆಳಗಿನಿಂದ ತೂರಿಸಿ. ಬಿಡುವುದು ಅಂಗಳದ ನೆಲಕ್ಕಲ್ಲ, ಚಕ್ಕೆ ಎದ್ದ ಮರದ ಕಾಂಡಕ್ಕೆ, ಕತ್ತಲಾದ ಮೇಲೆ. ಹಗಲು ಬಿಟ್ಟರೆ ಅದು ಸಂದು ಹುಡುಕುವ ಮೊದಲೇ ಮಡಿವಾಳ ಹಕ್ಕಿ ಅದನ್ನು ಹುಡುಕಿರುತ್ತದೆ.